ಒರತೆಯಿಂದ ಒರತೆಗೆ

ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಒಂದು ಹಳೆಯ ಗಾಡಿದಾರಿ ಇದೆ. ಅದನ್ನು ಮೊಹಾವೆ ರೋಡ್ ಅಂತಲೇ ಕರೆಯುತ್ತಾರೆ. ಕೊಲರಾಡೊ ನದಿಯ ದಂಡೆಯಿಂದ ಪಶ್ಚಿಮಕ್ಕೆ ಹೊರಟು ಸುಮಾರು 138 ಮೈಲಿ, ಅಂದರೆ 220 ಕಿಲೋಮೀಟರು ಸಾಗಿ ಮುಗಿಯುತ್ತದೆ. ಹೆಚ್ಚುಕಡಿಮೆ ಬೆಂಗಳೂರಿನಿಂದ ಸಕಲೇಶಪುರದಷ್ಟು ದೂರ. ನಮ್ಮವರು ಬೆಳಗಿನ ಕಾಫಿ ಕುಡಿದು ಹೊರಟರೆ ಮಧ್ಯಾಹ್ನದ ಊಟಕ್ಕೆ ಸಕಲೇಶಪುರದಲ್ಲಿರುತ್ತಾರೆ. ಮೊಹಾವೆ ರೋಡಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಡಾಂಬರಿಲ್ಲ, ಪೆಟ್ರೋಲ್ ಬಂಕಿಲ್ಲ, ಹೋಟೆಲಿಲ್ಲ, ಬಹುಪಾಲು ಕಡೆ ಮೊಬೈಲು ಸಿಗ್ನಲ್ಲೂ ಇಲ್ಲ. ಗಂಟೆಗೆ ಹತ್ತು ಹದಿನೈದು ಕಿಲೋಮೀಟರಿನಂತೆ ತೆವಳಿಕೊಂಡು, ರಾತ್ರಿ ಅಲ್ಲಲ್ಲೇ ಮಲಗಿ ಮುಂದೆ ಹೋಗಬೇಕು.

ಆ ದಾರಿಯ ನಕ್ಷೆ ಹರಡಿದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಸೊಟ್ಟತನ. ನೇರ ಹೋಗಬಹುದಾದಲ್ಲೆಲ್ಲ ಅದು ಬಾಗುತ್ತದೆ. ಬೆಟ್ಟ ಸುತ್ತುತ್ತದೆ, ಏರಬೇಕಿಲ್ಲದ ಕಡೆ ಏರುತ್ತದೆ. ಕಾರಣ ಸರಳ: ಅದು ನೀರು ಇರುವಲ್ಲಿಗೆ ಹೋಗುತ್ತದೆ. ಪೈಯೂಟ್ ಸ್ಪ್ರಿಂಗ್, ರಾಕ್ ಸ್ಪ್ರಿಂಗ್, ಮಾರ್ಲ್ ಸ್ಪ್ರಿಂಗ್ಸ್, ಸೋಡಾ ಸ್ಪ್ರಿಂಗ್ಸ್ ಎಂದು ಒಂದೊಂದು ಒರತೆಗೂ ಸುಮಾರಾಗಿ ಒಂದೊಂದು ದಿನದ ನಡಿಗೆ. ಮೊಹಾವೆ ಬುಡಕಟ್ಟಿನ ಜನ ಕಡಲತೀರದವರ ಜತೆ ವ್ಯಾಪಾರ ಮಾಡಲು ಈ ಒರತೆಗಳನ್ನು ಹಿಡಿದೇ ನಡೆಯುತ್ತಿದ್ದರು. 1776ರಲ್ಲಿ ಫ್ರಾನ್ಸಿಸ್ಕೊ ಗಾರ್ಸೆಸ್ ಎಂಬ ಸ್ಪೇನಿನ ಪಾದ್ರಿಗೆ ದಾರಿ ತೋರಿಸಿದವರು ಅವರೇ. 1826ರಲ್ಲಿ ಜೆಡಿಡಾಯ ಸ್ಮಿತ್ ಎಂಬ ತುಪ್ಪಳದ ವ್ಯಾಪಾರಿಯೂ ಇದೇ ದಾರಿ ಹಿಡಿದ. 1859ರಲ್ಲಿ ಅಮೆರಿಕದ ಸೈನ್ಯ ಕೊಲರಾಡೊ ದಂಡೆಯಲ್ಲಿ ಕೋಟೆ ಕಟ್ಟಿದ ಮೇಲೆ ಕಾಲುದಾರಿ ಗಾಡಿದಾರಿಯಾಯಿತು. 1883ರಲ್ಲಿ ರೈಲು ಬಂತು, ಗಾಡಿಗಳು ನಿಂತುಹೋದವು. ಸರಿಯಾಗಿ ನೂರು ವರ್ಷಗಳ ಮೇಲೆ, 1983ರಲ್ಲಿ, ಡೆನಿಸ್ ಕೇಸ್‌ಬಿಯರ್ ಎಂಬ ಭೌತವಿಜ್ಞಾನಿ ಹಳೆಯ ಮಿಲಿಟರಿ ಕಾಗದಪತ್ರಗಳನ್ನು ಓದಿ, ನಡೆದು, ಅಳೆದು ಮೈಲಿ ಮೈಲಿಗೆ ವಿವರ ಕೊಡುವ ಒಂದು ಪುಸ್ತಕ ಬರೆದರು. ಅವರ ಗೆಳೆಯರು ದಾರಿಯ ಪಕ್ಕದಲ್ಲಿ ಗುರುತಿಗೆಂದು ಕಲ್ಲಿನ ಗುಪ್ಪೆಗಳನ್ನು ಇಟ್ಟರು. ಪಶ್ಚಿಮಕ್ಕೆ ಹೋಗುವವರಿಗೆ ಗುಪ್ಪೆ ಬಲಕ್ಕಿರಬೇಕು. ಎಡಕ್ಕೆ ಕಂಡಿತೆಂದರೆ ನಿಂತು ಯೋಚಿಸಬೇಕು.

ಚಾಮರಾಜಪೇಟೆಯ ವಠಾರದಲ್ಲಿ ಹುಟ್ಟಿ, ಬಸವನಗುಡಿಗೆ ಸೊಸೆಯಾಗಿ ಬಂದು, ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಆಯಸ್ಸು ಕಳೆದ ನನಗೂ ಈ ದಾರಿಗೂ ಏನು ಸಂಬಂಧ? ಮಗಳ ಸಂಬಂಧ. ಅವಳಿರುವುದು ಸಾನ್ ಡಿಯಾಗೊದಲ್ಲಿ. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಬೇಸತ್ತು ಅವಳು ಒಂದು ಟೊಯೊಟಾ ಟಕೋಮಾ ಪಿಕಪ್ ಕೊಂಡು, ಅದರ ಬೆನ್ನಿಗೆ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಒಂದನ್ನು ಕೂರಿಸಿದ್ದಳು. 2022ರ ಮಾರ್ಚಿನಲ್ಲಿ ನಾನು ಹೋದಾಗ, "ಅಮ್ಮಾ, ಈ ಸಲ ಡಿಸ್ನಿಲ್ಯಾಂಡು, ಲಾಸ್ ವೇಗಸ್ಸು ಎಲ್ಲಾ ಬೇಡ. ನಿನ್ನನ್ನ ಮರಳುಗಾಡಿಗೆ ಕರ್ಕೊಂಡ್ ಹೋಗ್ತೀನಿ" ಅಂದಳು. ಒಂದೇ ಗಾಡಿಯಲ್ಲಿ ಹೋಗುವುದು ಸುರಕ್ಷಿತವಲ್ಲ ಎಂದು ಅವಳ ಸ್ನೇಹಿತರಾದ ದಾವಣಗೆರೆ ಕಡೆಯ ಗಂಡ ಹೆಂಡತಿ ತಮ್ಮ ಜೀಪಿನಲ್ಲಿ ಜತೆಗೆ ಬಂದರು.

ಕ್ಯಾಂಪರ್ ಎಂದರೆ ನೋಡದವರಿಗೆ ಹೇಳಬೇಕು. ಪಿಕಪ್ಪಿನ ಸಾಮಾನು ಹೇರುವ ಜಾಗದಲ್ಲಿ ಕೂರುವ ಪೆಟ್ಟಿಗೆ ಅದು. ನಾಲ್ಕು ಮೂಲೆಗಳಲ್ಲಿ ಟರ್ನ್‌ಬಕಲ್ ಎಂಬ ತಿರುಗಿಸಿ ಬಿಗಿಯುವ ಕೊಂಡಿ ಹಾಕಿ ಗಾಡಿಗೆ ಬಿಗಿದಿರುತ್ತಾರೆ. ನಿಂತಲ್ಲಿ ಚಿಲಕ ಬಿಚ್ಚಿ ಒಳಗಿನಿಂದ ನೂಕಿದರೆ ಚಾವಣಿ ಮೇಲೇಳುತ್ತದೆ, ಸುತ್ತ ಕ್ಯಾನ್ವಾಸಿನ ಗೋಡೆ ಬರುತ್ತದೆ. ಒಳಗೆ ಎರಡು ಬರ್ನರಿನ ಗ್ಯಾಸ್ ಒಲೆ, ಸೋಲಾರಿನಲ್ಲಿ ನಡೆಯುವ ಪುಟ್ಟ ಫ್ರಿಜ್ಜು, ಒಂದು ಸಿಂಕು. ಡ್ರೈವರ್ ತಲೆಯ ಮೇಲಿನ ಅಟ್ಟದಲ್ಲಿ ಹಾಸಿಗೆ. ಅರವತ್ತು ದಾಟಿದ ನಾನು ಸೀಟಿನ ಮೇಲೆ ಕಾಲಿಟ್ಟು ಆ ಅಟ್ಟಕ್ಕೆ ಹತ್ತುವುದನ್ನು ನೋಡಿ ದಾವಣಗೆರೆಯ ಹುಡುಗ, "ಆಂಟಿ, ರೈಲಿನ ಅಪ್ಪರ್ ಬರ್ತ್ ಅಂದ್ಕೊಳ್ಳಿ, ಆರಾಮಾಗಿ ಹತ್ತುತೀರಿ" ಅಂದ. ಹಾಗೇ ಆಯಿತು.

ಈ ಎಲ್ಲ ಸಲಕರಣೆಗಳಲ್ಲಿ ನನ್ನ ಕಣ್ಣು ನಿಂತದ್ದು ಸಿಂಕಿನ ಪಕ್ಕದ ನೀರಿನ ಮೀಟರಿನ ಮೇಲೆ. ನಾಲ್ಕು ಚಿಕ್ಕ ದೀಪಗಳು. ಟ್ಯಾಂಕು ತುಂಬಿದ್ದರೆ ನಾಲ್ಕೂ ಹತ್ತುತ್ತವೆ, ಖಾಲಿಯಾಗುತ್ತಾ ಬಂದ ಹಾಗೆ ಒಂದೊಂದೇ ಆರುತ್ತವೆ. ಟ್ಯಾಂಕು 75 ಲೀಟರಿನದು. ಅದಲ್ಲದೆ ಹೊರಗೆ ಕಟ್ಟಿದ ಎರಡು ಕ್ಯಾನು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ, ಕುಡಿಯಲು ಇರಲೇಬೇಕು ಎಂಬುದು ಅಲ್ಲಿ ಎಲ್ಲರೂ ಹೇಳುವ ನಿಯಮ. ಗಾಡಿ ಕೆಟ್ಟು ನಿಂತರೆ ಬೇಕಾಗುವುದು ಬೇರೆ. ಅಡುಗೆ, ಪಾತ್ರೆ, ಮುಖ ತೊಳೆಯುವುದೆಲ್ಲ ಉಳಿದದ್ದರಲ್ಲೇ ಆಗಬೇಕು. ನಗರದಲ್ಲಿರುವ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕು ಎಂಬುದು ನಮ್ಮ ಸರ್ಕಾರದ ಲೆಕ್ಕ. ಅಲ್ಲಿ ನಮ್ಮ ಗಾಡಿಯ ಇಡೀ ಸಂಸಾರದ ನೀರು ಅದಕ್ಕಿಂತ ಕಡಿಮೆ.

ಮಗಳಿಗೆ ಇದು ಹೊಸದಾಗಿ ಕಲಿತ ಶಿಸ್ತು. ನನಗೆ ಹಳೆಯದು. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಬೆನ್ನಿಗೆ ಬೆಳೆದವು. ಅಗಲ ರಸ್ತೆ, ಸಾಲುಮರ, ಮನೆಯ ಹಿಂದೆ ಓಣಿ ಎಲ್ಲ ಯೋಚಿಸಿ ಮಾಡಿದ್ದರು. ಆದರೆ ನಾನು ಬೆಳೆದ ವಠಾರದ ಏಳು ಸಂಸಾರಗಳಿಗೆ ಇದ್ದದ್ದು ಅಂಗಳದ ಒಂದೇ ನಲ್ಲಿ. ಆಗಿನ್ನೂ ಕಾವೇರಿ ಬಂದಿರಲಿಲ್ಲ. ತಿಪ್ಪಗೊಂಡನಹಳ್ಳಿಯಿಂದ ಬರುವ ನೀರು ಬೆಳಗಿನ ಜಾವ ನಲ್ಲಿಯಲ್ಲಿ ಉಸ್ಸೆಂದು ಗಾಳಿ ಬಿಟ್ಟು, ಆಮೇಲೆ ಸಣ್ಣಗೆ ಸುರಿಯುತ್ತಿತ್ತು. ಅಮ್ಮ ಕುಡಿಯುವ ನೀರನ್ನು ತಾಮ್ರದ ಕೊಳದಪ್ಪಲೆಗೆ ಬಟ್ಟೆ ಕಟ್ಟಿ ಸೋಸಿ ತುಂಬುತ್ತಿದ್ದಳು. ಸ್ನಾನಕ್ಕೆ ಹಂಡೆ, ಉಳಿದದ್ದಕ್ಕೆ ಬಚ್ಚಲಿನ ತೊಟ್ಟಿ. ಅಕ್ಕಿ ತೊಳೆದ ಅಕ್ಕಚ್ಚು ಹಾಲಿನವನ ಹಸುವಿಗೆ, ತರಕಾರಿ ತೊಳೆದದ್ದು ತುಳಸಿಗೆ, ಬಟ್ಟೆ ಹಿಂಡಿದ್ದು ಅಂಗಳ ತೊಳೆಯುವುದಕ್ಕೆ. ಯಾವ ನೀರು ಎಲ್ಲಿಗೆ ಹೋಗಬೇಕೆಂದು ಆ ಮನೆಯಲ್ಲಿ ನಾಲ್ಕು ವರ್ಷದ ಮಗುವಿಗೂ ಗೊತ್ತಿತ್ತು.

ಹೊರಡುವ ಮೊದಲು ಟೈರಿನ ಗಾಳಿ ಇಳಿಸಿದರು. ನಾನು ಕಂಡಂತೆ ಎಲ್ಲರೂ ದೂರ ಪ್ರಯಾಣಕ್ಕೆ ಮೊದಲು ಗಾಳಿ ಹೊಡೆಸುತ್ತಾರೆ. ಇಲ್ಲಿ 35 ಇದ್ದದ್ದನ್ನು 20ಕ್ಕೆ ತಂದರು. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ಅಗಲವಾಗುತ್ತದೆ, ಮರಳಿನಲ್ಲಿ ಹೂತುಕೊಳ್ಳುವುದಿಲ್ಲ, ಕಲ್ಲಿನ ಏಟನ್ನೂ ತಾನೇ ನುಂಗಿಕೊಳ್ಳುತ್ತದೆ. ಇನ್ನೊಂದು ಕೆಲಸ, ಹೊರಡುವ ಪ್ರತಿ ಸಲವೂ ಬಗ್ಗಿ ಗಾಡಿಯ ಅಡಿಯಲ್ಲಿ ನೋಡುವುದು. ಬಿಸಿಲು ಏರಿದಾಗ ಮರುಭೂಮಿಯ ಆಮೆಗಳು ನೆರಳೆಂದು ಗಾಡಿಯ ಕೆಳಗೆ ಬಂದು ಮಲಗುತ್ತವೆ. ನೋಡದೆ ಹೊರಟರೆ ಸತ್ತೇಹೋಗುತ್ತವೆ.

ಒಂದು ಆಮೆ ನಮಗೆ ಸಿಕ್ಕಿತು, ಗಾಡಿಯ ಕೆಳಗಲ್ಲ, ದಾರಿಯ ನಡುವೆ. ಊಟದ ತಟ್ಟೆಯಷ್ಟು ಅಗಲ, ಮಣ್ಣಿನದೇ ಬಣ್ಣ, ಚಿಪ್ಪಿನ ಒಂದೊಂದು ಹಲಗೆಯ ಮೇಲೂ ಮರದ ತೊಲೆಯಲ್ಲಿರುವಂಥ ಸುತ್ತುಗೆರೆಗಳು. ಮುಂಗಾಲು ಆನೆಯ ಕಾಲಿನಂತೆ ದಪ್ಪ. ಒಂದು ಹೆಜ್ಜೆ ಇಡುವುದು, ಕತ್ತು ಚಾಚಿ ನಿಲ್ಲುವುದು. ಎತ್ತಿ ಪಕ್ಕಕ್ಕಿಡೋಣ ಎಂದು ನಾನು ಬಾಗಿಲು ತೆಗೆಯುವಷ್ಟರಲ್ಲಿ ಮಗಳು ತಡೆದಳು. "ಮುಟ್ಟಬಾರದು ಅಮ್ಮಾ. ಹೆದರಿಸಿದ್ರೆ ಅದು ಉಚ್ಚೆ ಹೊಯ್ದುಬಿಡತ್ತೆ. ಒಳಗೆ ಕೂಡಿಟ್ಟಿರೋ ನೀರೆಲ್ಲ ಹೋಗಿಬಿಡತ್ತೆ." ಆಮೇಲೆ ಓದಿ ತಿಳಿದುಕೊಂಡೆ. ಮಳೆ ಬಂದಾಗ ಕುಡಿದದ್ದನ್ನು ಮೂತ್ರಕೋಶದಲ್ಲಿ ಉಳಿಸಿಕೊಂಡು ಅದು ತಿಂಗಳುಗಟ್ಟಲೆ ಬದುಕುತ್ತದೆ. ಆ ನೀರು ಹೋದರೆ ಮುಂದಿನ ಮಳೆಯವರೆಗೆ ಬದುಕುವುದು ಕಷ್ಟ. ಎಂಜಿನ್ ಆರಿಸಿ ಕೂತೆವು. ಆಮೆ ದಾರಿ ದಾಟಿ ಕುರುಚಲು ಗಿಡದ ಬುಡ ಸೇರಿದ ಮೇಲೆ ಗಾಡಿ ಹೊರಟಿತು.

ಮೊದಲ ಒರತೆ ಪೈಯೂಟ್. 1860ರ ದಶಕದಲ್ಲಿ ಸೈನ್ಯ ಕಟ್ಟಿದ ಕಲ್ಲಿನ ಠಾಣ್ಯದ ಮೋಟುಗೋಡೆಗಳು ಈಗಲೂ ಇವೆ. ಅದರ ಹಿಂದೆ ಬೆಟ್ಟದ ಸಂದಿಯಲ್ಲಿ ಹಸಿರಿನ ಒಂದು ಗೆರೆ ಕಾಣುತ್ತದೆ. ಹತ್ತಿರ ಹೋದರೆ ನೀರಿನ ಸದ್ದು. ವರ್ಷವಿಡೀ ಹರಿಯುವ ಒಂದು ಸಣ್ಣ ತೊರೆ, ಅಕ್ಕಪಕ್ಕ ವಿಲ್ಲೋ ಮರಗಳು, ಜೊಂಡು. ಎರಡು ಹೆಜ್ಜೆ ಈಚೆ ಬಂದರೆ ಕಳ್ಳಿ, ಸುಟ್ಟ ಬಣ್ಣದ ಕಲ್ಲು. ಇಷ್ಟೇ ಇಷ್ಟು ನೀರಿಗಾಗಿ ಒಂದು ಸೈನ್ಯ ಇಲ್ಲಿ ಕೋಟೆ ಕಟ್ಟಿತು. ಅದಕ್ಕೂ ಮೊದಲು ಅದೇ ನೀರನ್ನು ನಂಬಿ ಒಂದು ಜನಾಂಗವೇ ಬೇಸಾಯ ಮಾಡಿಕೊಂಡಿತ್ತು. ಕೋಟೆ ಯಾರಿಂದ ಯಾರನ್ನು ಕಾಪಾಡಲು ಎಂಬುದನ್ನು ನಾವು ಭಾರತದವರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ಅಲ್ಲಿಂದ ಬಳಸಿ ಮೇಲೆ ಹತ್ತಿದರೆ ಲ್ಯಾನ್‌ಫೇರ್ ಕಣಿವೆ. ಜೋಶುವಾ ಮರಗಳ ನಡುವೆ ಕಿರುದಾರಿ. ಕೊಂಬೆಗಳು ಗಾಡಿಯ ಎರಡೂ ಮೈಯನ್ನು ಕೆರೆಯುವಷ್ಟು ಹತ್ತಿರ. ಒಂದು ಮರಕ್ಕೆ ಡಬ್ಬಿ ತೂಗುಹಾಕಿದ್ದಾರೆ. ಹೋಗುವವರು ಅದರಲ್ಲಿ ಒಂದು ಪೆನ್ನಿ ಹಾಕಬೇಕೆಂಬುದು ವಾಡಿಕೆ. ಪರ್ಸಿನ ಮೂಲೆಯಲ್ಲಿದ್ದ ನಮ್ಮ ಒಂದು ರೂಪಾಯಿಯನ್ನು ನಾನು ಹಾಕಿದೆ. 1910ರ ಸುಮಾರಿಗೆ ಈ ಕಣಿವೆಯಲ್ಲಿ ಸರ್ಕಾರ ಪುಕ್ಕಟೆ ಜಮೀನು ಕೊಡುತ್ತದೆಂದು ಸಂಸಾರಗಳು ಬಂದು ನೆಲೆಸಿದ್ದವು. ಶಾಲೆ, ಅಂಚೆ ಕಚೇರಿ, ರೈಲು ಎಲ್ಲ ಇತ್ತಂತೆ. ಮೊದಲ ಕೆಲವು ವರ್ಷ ಒಳ್ಳೆಯ ಮಳೆ. ಆಮೇಲೆ ಮಳೆ ಕೈಕೊಟ್ಟಿತು. ಒರತೆಗಳು ದನ ಸಾಕುವ ಒಂದು ಕಂಪನಿಯ ಕೈಲಿದ್ದವು. ಜನ ಗುಳೆ ಹೊರಟರು. ಕಣಿವೆಯಲ್ಲಿ ಈಗ ಉಳಿದಿರುವುದು ಅಡಿಪಾಯದ ಗುರುತು, ತುಕ್ಕು ಹಿಡಿದ ತಗಡು.

ರಾಕ್ ಸ್ಪ್ರಿಂಗಿನ ಹತ್ತಿರ ಒಂದು ಕಲ್ಲಿನ ಮನೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಶ್ವಾಸಕೋಶ ಕೆಟ್ಟಿದ್ದ ಬರ್ಟ್ ಸ್ಮಿತ್ ಎಂಬಾತ 1929ರಲ್ಲಿ ಇಲ್ಲಿಗೆ ಬಂದ. ಹೆಚ್ಚು ದಿನ ಬದುಕುವುದಿಲ್ಲವೆಂದು ಹೇಳಿಸಿಕೊಂಡು ಬಂದವನು ಒಣಗಾಳಿ ಕುಡಿದುಕೊಂಡು 25 ವರ್ಷ ಬಾಳಿದ. ಜಗಲಿಯಂಥ ಮುಂಭಾಗ, ಕಿಟಕಿಯಿಂದ ಕಾಣುವ ಬಂಡೆಗಳು. ಗವೀಪುರದ ಗುಡ್ಡದ ಮೇಲೆ ಕೂತ ಹಾಗೇ ಆಯಿತು ನನಗೆ.

ಸ್ವಲ್ಪ ಮುಂದೆ ಗವರ್ನಮೆಂಟ್ ಹೋಲ್ಸ್ ಎಂಬ ಬಾವಿ. ಗಾಳಿಯಂತ್ರ, ದನ ಕುಡಿಯುವ ತೊಟ್ಟಿ ಇವೆ. 1925ರ ನವೆಂಬರಿನಲ್ಲಿ ಇಲ್ಲಿ ಇಬ್ಬರು, ದನದ ಕಂಪನಿಯ ಕಡೆಯವನೊಬ್ಬ, ಅವನ ವಿರೋಧಿಯೊಬ್ಬ, ಗುಂಡು ಹಾರಿಸಿಕೊಂಡು ಇಬ್ಬರೂ ಸತ್ತರು. ಕಂಪನಿಗೂ ಜಮೀನು ಹಿಡಿದ ಸಂಸಾರಗಳಿಗೂ ದನ, ಹುಲ್ಲು, ನೀರಿನ ಮೇಲೆ ಬೆಳೆದಿದ್ದ ಹಗೆ ಅದು. ಮಗಳು ಮಾರ್ಗದರ್ಶಿ ಪುಸ್ತಕದಿಂದ ಈ ಕಥೆ ಓದಿ ಹೇಳಿದಾಗ ದಾವಣಗೆರೆಯ ಹುಡುಗಿ, "ಒಂದು ಬಾವಿಗೋಸ್ಕರ ಇಷ್ಟೆಲ್ಲಾನಾ!" ಅಂದಳು. ನಾನು ನಕ್ಕೆ. ನಲ್ಲಿಯ ಮುಂದೆ ಕೊಡ ಇಟ್ಟ ಸರತಿ ತಪ್ಪಿತೆಂದು ನಮ್ಮ ವಠಾರದಲ್ಲಿ ಎರಡು ಮನೆಯವರು ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದರು. ನಡುವೆ ಮಕ್ಕಳ ಮದುವೆಗಳಾದವು, ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಿಲ್ಲ. ಪಿಸ್ತೂಲು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ರಾತ್ರಿ ಅಡುಗೆ. ಊರಿನಿಂದ ಹೊತ್ತುಕೊಂಡು ಹೋಗಿದ್ದ ಗೊಜ್ಜವಲಕ್ಕಿ ಪುಡಿ, ಹುರಿಹಿಟ್ಟು, ಚಟ್ನಿಪುಡಿ, ಮೆಂತ್ಯದಹಿಟ್ಟು ಅಲ್ಲಿ ಬೆಲೆಬಾಳಿದವು. ಇವೆಲ್ಲ ನಮ್ಮ ಹೆಂಗಸರು ಯಾತ್ರೆಗೆಂದೇ ಮಾಡಿಟ್ಟುಕೊಂಡ ಅಡುಗೆಗಳು. ನೀರು ಹೆಚ್ಚು ಬೇಡ, ಒಲೆ ಹೊತ್ತುಗಟ್ಟಲೆ ಉರಿಯಬೇಕಾಗಿಲ್ಲ, ತಿಂದ ತಟ್ಟೆಗೆ ಜಿಡ್ಡಿಲ್ಲ. ತರಿಯಾಗಿ ಕುಟ್ಟಿದ ಅವಲಕ್ಕಿಗೆ ಹುಣಿಸೆ, ಬೆಲ್ಲದ ನೀರನ್ನು ಅಳತೆಯಾಗಿ ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಅರಳಿಕೊಳ್ಳುತ್ತದೆ. ಒಂದು ತೊಟ್ಟು ಚೆಲ್ಲುವಂತಿಲ್ಲ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಒಂದು ಲೋಟ ನೀರಿನಲ್ಲಿ ನಾಲ್ಕು ತಟ್ಟೆ ತೊಳೆಯುವುದನ್ನು ಮಗಳಿಂದ ಕಲಿತೆ. ಸಿಂಕಿನ ಕೊಚ್ಚೆನೀರು ಒಂದು ಕ್ಯಾನಿಗೆ ಇಳಿಯುತ್ತದೆ. ಅದನ್ನೂ ಹೊತ್ತುಕೊಂಡೇ ಹೊರಗೆ ಬರಬೇಕು. ಬಯಲುಕಡೆಗೆ ಹೋಗುವವರು ಸಣ್ಣ ಗುದ್ದಲಿ ಹಿಡಿದು ಹೋಗಬೇಕು, ಗೇಣುದ್ದ ಗುಂಡಿ ತೋಡಬೇಕು, ಬಳಸಿದ ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸು ತರಬೇಕು. ನಾನು ತಂಬಿಗೆ ಹಿಡಿದು ಹೋದೆ. ಅರ್ಧ ತಂಬಿಗೆ ನೀರು. ವಾಪಸು ತರುವ ಚೀಲದ ರಗಳೆಯೇ ಇಲ್ಲ. ಮರುದಿನ ಹೊತ್ತಿಗೆ ಉಳಿದವರೂ ತಂಬಿಗೆ ಕೇಳಿದರು.

ಚಳಿ ಮಾತ್ರ ಚಳಿಯೇ. ಕ್ಯಾನ್ವಾಸಿನ ಗೋಡೆ ರಾತ್ರಿಯೆಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು. ನಕ್ಷತ್ರಗಳ ವಿಷಯ ಬರೆಯುವುದಿಲ್ಲ. ಅದನ್ನು ಎಲ್ಲರೂ ಬರೆದಿದ್ದಾರೆ.

ಮುಂದಿನ ದಾರಿ ಸೀಮಾ ಡೋಮ್ ಎಂಬ ದಿಬ್ಬದ ಮಗ್ಗುಲಲ್ಲಿ. ಪ್ರಪಂಚದ ಅತಿ ದಟ್ಟ ಜೋಶುವಾ ಕಾಡುಗಳಲ್ಲಿ ಇದೂ ಒಂದು ಎಂದು ಹೆಸರಾಗಿತ್ತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ 43,000 ಎಕರೆ ಸುಟ್ಟಿತು. ಸುಮಾರು 13 ಲಕ್ಷ ಜೋಶುವಾ ಮರಗಳು ಸತ್ತವೆಂದು ಅಂದಾಜು. ಕರಿಕಾಗಿ ನಿಂತಿದ್ದ ಮರಗಳನ್ನು ದೂರದಿಂದಲೇ ನೋಡಿದೆವು. ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ನಾವು ಹೋಗಿಬಂದ ಮರುವರ್ಷ, 2023ರ ಜುಲೈಯಲ್ಲಿ, ಈ ದಾರಿ ಹಾಯುವ ಸಂರಕ್ಷಿತ ಪ್ರದೇಶದ ಪೂರ್ವಭಾಗಕ್ಕೆ ಇನ್ನೂ ದೊಡ್ಡ ಬೆಂಕಿ ಬಿದ್ದ ಸುದ್ದಿಯನ್ನು ಬಸವನಗುಡಿಯಲ್ಲಿ ಕೂತು ಓದಿದೆ. ಹೆಚ್ಚಿನ ಮಳೆಗೆ ಹುಲುಸಾಗಿ ಬೆಳೆದ ಹೊರಗಿನ ಜಾತಿಯ ಹುಲ್ಲು ಒಣಗಿದಾಗ ಬೆಂಕಿಗೆ ಎಣ್ಣೆಯಾಗುತ್ತದೆ. ಮರುಭೂಮಿಗೆ ಬರ ಮಾತ್ರವಲ್ಲ, ಹೊತ್ತಲ್ಲದ ಮಳೆಯೂ ಶತ್ರುವೇ.

ಮಾರ್ಲ್ ಸ್ಪ್ರಿಂಗ್ಸ್ ದಾಟಿದರೆ ಬಟಾಬಯಲಿನಲ್ಲಿ ಒಂದು ಅಂಚೆಪೆಟ್ಟಿಗೆ, ಪಕ್ಕದಲ್ಲಿ ಬಾವುಟ. 1983ರಲ್ಲಿ ದಾರಿಯ ಗೆಳೆಯರು ಇಟ್ಟದ್ದು. ಒಳಗೆ ರಿಜಿಸ್ಟರು. ಹೋದವರು ಹೆಸರು ಬರೆಯಬೇಕು. ಬ್ಯಾಂಕಿನವಳಾದ ನನಗೆ ರಿಜಿಸ್ಟರು ಕಂಡರೆ ಕೈ ತಾನೇ ಪೆನ್ನಿಗೆ ಹೋಗುತ್ತದೆ. ಕನ್ನಡದಲ್ಲೇ ಬರೆದು, ಊರು ಎಂಬ ಕಡೆ ಚಾಮರಾಜಪೇಟೆ ಎಂದು ಹಾಕಿದೆ. ಅಂಚೆಪೆಟ್ಟಿಗೆಯ ಹಿಂದುಗಡೆ ಯಾರೋ ತಮಾಷೆಗೆ ಶುರುಮಾಡಿದ ಕಪ್ಪೆಬೊಂಬೆಗಳ ಒಂದು ಗುಡಿಯೂ ಇದೆ. ಮಳೆ ಬೇಡುವವರು ಕಪ್ಪೆ ಮದುವೆ ಮಾಡಿಸುವ ನಾಡಿನಿಂದ ಹೋದ ನನಗೆ ಅದು ತಮಾಷೆಯಾಗಿ ಕಾಣಲಿಲ್ಲ. ನಮಸ್ಕಾರ ಮಾಡಿ ಬಂದೆ.

ಅಲ್ಲಿಂದ ಮುಂದೆ ದಾರಿ ಕೆಟ್ಟದ್ದು. ಅಲೆ ಅಲೆಯಾಗಿ ಗುಂಡಿಬಿದ್ದ ಮಣ್ಣು. ಕ್ಯಾಂಪರ್ ಹೊತ್ತ ಗಾಡಿಯ ತಲೆಭಾರ ಜಾಸ್ತಿ. ವೇಗ ಹೋದರೆ ದೋಣಿಯ ಹಾಗೆ ತೂಗುತ್ತದೆ. ಮಗಳು ನಾಲ್ಕೂ ಚಕ್ರ ಎಳೆಯುವ ಫೋರ್ ಲೋ ಗೇರ್ ಹಾಕಿ, ಒಂದೊಂದು ಅಲೆಯ ನೆತ್ತಿಯಲ್ಲೂ ಬ್ರೇಕ್ ಮುಟ್ಟಿ, ಇಳಿಜಾರಿನಲ್ಲಿ ಬಿಟ್ಟು, ಮತ್ತೆ ಏರಿಸಿ, ಹೀಗೇ ಇಡೀ ಮಧ್ಯಾಹ್ನ ಓಡಿಸಿದಳು. ನಿಂತಾಗಲೆಲ್ಲ ಇಳಿದು ಟರ್ನ್‌ಬಕಲ್ಲುಗಳನ್ನು ಕೈಯಿಂದ ತಿರುಗಿಸಿ ಬಿಗಿ ನೋಡುತ್ತಿದ್ದಳು. ಸಡಿಲವಾದರೆ ಕ್ಯಾಂಪರ್ ಜರುಗುತ್ತದೆ, ತೀರ ಬಿಗಿದರೆ ಕೊಂಡಿ ಮುರಿಯುತ್ತದೆ. ಬಸವನಗುಡಿಯಲ್ಲಿ ಸ್ಕೂಟಿ ಕಲಿಯಲು ಹೆದರಿದ ಹುಡುಗಿ ಇವಳೇನಾ ಎಂದು ನೋಡುತ್ತಿದ್ದೆ.

ಬೆಟ್ಟದ ಮೂತಿಯೊಂದು ಬಯಲಿಗೆ ಚಾಚಿಕೊಂಡ ಜಾಗಕ್ಕೆ ಸೆವೆಂಟೀನ್‌ಮೈಲ್ ಪಾಯಿಂಟ್ ಎಂದು ಹೆಸರು. ಹಿಂದಿನ ಮಾರ್ಲ್ ಒರತೆಗೆ 17 ಮೈಲಿ, ಮುಂದಿನ ಸೋಡಾ ಒರತೆಗೂ 17 ಮೈಲಿ. ಗಾಡಿಗಳ ಕಾಲದಲ್ಲಿ ಅಲ್ಲಿ ನಿಂತ ಮನುಷ್ಯನಿಗೆ ಹಿಂದೆ ಹೋದರೂ ಅಷ್ಟೇ, ಮುಂದೆ ಹೋದರೂ ಅಷ್ಟೇ. ಜಾಗಕ್ಕೆ ಬೆಟ್ಟದ ಹೆಸರಿಲ್ಲ, ದೇವರ ಹೆಸರಿಲ್ಲ, ಸೇನಾಪತಿಯ ಹೆಸರೂ ಇಲ್ಲ. ನೀರಿಗೆ ಎಷ್ಟು ದೂರ ಎನ್ನುವುದೇ ಅದರ ಗುರುತು. ಈ ಇಡೀ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಊರಿದ ಜಾಗ ಅದು. ಕಲ್ಲಿನ ಮೇಲೆ ಕೂತು ಬಾಟಲಿಯ ನೀರು ಕುಡಿಯುತ್ತಾ, ಬಸವನಗುಡಿಯ ನನ್ನ ಮನೆಗೆ ನೀರು ಎಷ್ಟು ದೂರ ಎಂದು ಲೆಕ್ಕ ಹಾಕಿದೆ. ಕಾವೇರಿ ನೀರನ್ನು ಪಂಪು ಮಾಡುವ ತೊರೆಕಾಡನಹಳ್ಳಿ ಸುಮಾರು 100 ಕಿಲೋಮೀಟರು. ಅಂದರೆ 60 ಮೈಲಿಗೂ ಮೇಲೆ. ಅದೂ ಸಮತಟ್ಟಲ್ಲ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಹತ್ತಿಸಬೇಕು. ಕಾವೇರಿಯ ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಆವತ್ತಿನಿಂದ ನಾವು ಇರುವುದು ಸೆವೆಂಟೀನ್‌ಮೈಲ್ ಪಾಯಿಂಟಿಗಿಂತ ಮೂರೂವರೆ ಪಟ್ಟು ಬರಡಾದ ಜಾಗದಲ್ಲಿ. ಕರೆಂಟು ಇರುವುದರಿಂದ ಗೊತ್ತಾಗುವುದಿಲ್ಲ.

ಸೋಡಾ ಲೇಕ್ ಹೆಸರಿಗೆ ಕೆರೆ. ಕಣ್ಣು ಹಾಯುವವರೆಗೂ ಬಿಳಿ ಉಪ್ಪಿನ ಹೊರಪದರ. ಒಣಗಿದ್ದರೆ ರಸ್ತೆ, ಒದ್ದೆಯಿದ್ದರೆ ಜೌಗು. ಸಿಕ್ಕಿಕೊಂಡ ಗಾಡಿಯನ್ನು ಎಳೆಯಲು ಬಂದ ಗಾಡಿಯೂ ಸಿಕ್ಕಿಕೊಳ್ಳುತ್ತದೆ. ಮಗಳು ಇಳಿದು, ಹಿಮ್ಮಡಿಯಿಂದ ನೆಲ ಗುದ್ದಿ ನೋಡಿ, ಹಿಂದಿನ ಚಕ್ರಗಳ ಗುರುತು ಎಷ್ಟು ಆಳ ಇಳಿದಿದೆ ಎಂದು ನೋಡಿ, ಆಮೇಲೆ ಮುಂದುವರಿದಳು. ನಡುಮಧ್ಯೆ ಟ್ರಾವೆಲರ್ಸ್ ಮಾನ್ಯುಮೆಂಟ್ ಎಂಬ ಕಲ್ಲುರಾಶಿ. ಬಂದವರು ದಾರಿಯಲ್ಲಿ ಆಯ್ದ ಒಂದು ಕಲ್ಲನ್ನು ಅದಕ್ಕೆ ಸೇರಿಸುತ್ತಾರೆ. ತುದಿಯಲ್ಲಿ ಒಂದು ಫಲಕವಿದೆ. ಅದರಲ್ಲಿ ಏನು ಬರೆದಿದೆ ಎಂದು ನೋಡಿದವರು ಹೊರಗೆ ಹೇಳುವ ಹಾಗಿಲ್ಲ. ನಾನೂ ಹೇಳುವುದಿಲ್ಲ.

ಕೆರೆಯ ಆಚೆ ದಡದಲ್ಲಿ ಝೈಝಿಕ್ಸ್. 1944ರಲ್ಲಿ ಕರ್ಟಿಸ್ ಸ್ಪ್ರಿಂಗರ್ ಎಂಬ ಮಾತುಗಾರ ಸರ್ಕಾರಿ ಜಾಗದಲ್ಲಿ ಕೂತು, ಇಲ್ಲಿನ ಖನಿಜದ ನೀರಿಗೆ ಸಕಲ ರೋಗ ವಾಸಿಯಾಗುತ್ತದೆಂದು ರೇಡಿಯೋದಲ್ಲಿ ಸಾರಿ ಆರೋಗ್ಯಧಾಮ ನಡೆಸಿದ. ಮೂವತ್ತು ವರ್ಷದ ಮೇಲೆ, 1974ರಲ್ಲಿ, ಸರ್ಕಾರ ಅವನನ್ನು ಎಬ್ಬಿಸಿತು. ಈಗ ಅದು ವಿಶ್ವವಿದ್ಯಾಲಯಗಳ ಮರುಭೂಮಿ ಅಧ್ಯಯನ ಕೇಂದ್ರ. ಅವನು ತೋಡಿಸಿದ ಕೊಳದಲ್ಲಿ ಮೊಹಾವೆ ನದಿಯ ಅಪರೂಪದ ಮೀನಿನ ತಳಿಯೊಂದು ಬದುಕಿಕೊಂಡಿದೆ.

ನದಿ ಅಂದೆನಲ್ಲ, ಅದನ್ನು ಅಲ್ಲಿಯವರೆಗೆ ನಾವು ನೋಡಿರಲೇ ಇಲ್ಲ. ಮೊಹಾವೆ ನದಿ ಸಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ ಹುಟ್ಟಿ, ಸಮುದ್ರಕ್ಕೆ ಬೆನ್ನು ಹಾಕಿ ಒಳನಾಡಿಗೆ ಹರಿದು, ಸೋಡಾ ಲೇಕಿನ ಉಪ್ಪಿನಲ್ಲಿ ಇಂಗಿಹೋಗುತ್ತದೆ. ಬಹುಪಾಲು ಮರಳಿನ ಕೆಳಗೇ ಹರಿಯುತ್ತದೆ. ನಾವು ಮುಂದೆ ಹೋದ ಆಫ್ಟನ್ ಕಣಿವೆಯಲ್ಲಿ ಕೆಳಗಿನ ಕಲ್ಲು ಅದನ್ನು ಮೇಲಕ್ಕೆ ನೂಕುತ್ತದೆ, ನೀರು ಹೊರಗೆ ಬರುತ್ತದೆ. ಗಾಡಿ ಆ ನೀರಿಗೆ ಇಳಿಯಿತು. ಚಕ್ರದ ಅರ್ಧದಷ್ಟು ಆಳ. ಮಗಳು ಒಂದೇ ಸಮನೆ, ನಿಲ್ಲಿಸದೆ ದಾಟಿಸಿದಳು. ಆಚೆ ದಡದಲ್ಲಿ ಇಳಿದು ಕೈಕಾಲು ತೊಳೆದುಕೊಂಡೆ. ತಲೆಗೂ ಒಂದು ಬೊಗಸೆ ಪ್ರೋಕ್ಷಿಸಿಕೊಂಡೆ. ನದಿ ಕಂಡರೆ ನಮ್ಮವರಿಗೆ ಅಷ್ಟು ಮಾಡದಿದ್ದರೆ ಆಗುವುದಿಲ್ಲ.

ಊರಿಗೆ ಬಂದ ಮೇಲೆ ದೊಡ್ಡಬಸವಣ್ಣನ ಗುಡಿಗೆ ಹೋದೆ. ವೃಷಭಾವತಿ ಹುಟ್ಟುವುದು ಬಸವಣ್ಣನ ಪಾದದ ಬುಡದಲ್ಲಿ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಮಲ್ಲೇಶ್ವರದ ಅಕ್ಕನ ಮನೆಯ ಕಡೆಯವರು ಕಾಡುಮಲ್ಲೇಶ್ವರನ ಹತ್ತಿರವೂ ಅದರ ಮೂಲವಿದೆ ಎನ್ನುತ್ತಾರೆ. ಆ ಗುಡಿಯ ಎದುರಿಗೆ ಮಣ್ಣಿನಡಿ ಮುಚ್ಚಿಹೋಗಿದ್ದ ನಂದಿತೀರ್ಥ 1997ರಲ್ಲಿ ಅಗೆಯುವಾಗ ಸಿಕ್ಕಿತು. ನಂದಿಯ ಬಾಯಿಂದ ನೀರು ಬಂದು ಲಿಂಗದ ಮೇಲೆ ಬೀಳುತ್ತದೆ, ಅಲ್ಲಿಂದ ಕಲ್ಯಾಣಿಗೆ. ಊರಿನ ನಟ್ಟನಡುವೆ, ಜನ ವಾಸಮಾಡುವ ಬೀದಿಯಲ್ಲಿ, ಒಂದು ಒರತೆ ಯಾರಿಗೂ ನೆನಪಿಲ್ಲದೆ ಮಣ್ಣಿನಡಿ ಕೂತಿತ್ತು. ಮೊಹಾವೆ ರೋಡಿನಲ್ಲಿ ಹಾಗಾಗಲು ಸಾಧ್ಯವಿಲ್ಲ. ಅಲ್ಲಿ ಒಂದು ಒರತೆಯನ್ನು ಮರೆತರೆ ಸಾವು. ಇಲ್ಲಿ ನಲ್ಲಿ ಇತ್ತು, ಅದಕ್ಕೇ ಮರೆತೆವು. ಕೆಂಪೇಗೌಡರ ಹೆಸರು ಹೇಳುವ ಧರ್ಮಾಂಬುಧಿ ಕೆರೆ ಬಸ್‌ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿತು. ವೃಷಭಾವತಿ ಕಾಂಕ್ರೀಟಿನ ನಡುವೆ ಚರಂಡಿಯಾಗಿ ಹರಿಯುತ್ತಿದೆ. ಮೊಹಾವೆ ನದಿ ಮರಳಿನ ಕೆಳಗಿದ್ದೂ ನದಿಯಾಗಿಯೇ ಉಳಿದಿದೆ.

2024ರ ಮಾರ್ಚಿನಲ್ಲಿ ಬೆಂಗಳೂರಿನ ದೀಪಗಳು ಒಂದೊಂದೇ ಆರಿದವು. ನಗರದ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಅಪಾರ್ಟ್‌ಮೆಂಟಿಗೂ ಟ್ಯಾಂಕರಿನವನ ದಾರಿ ಕಾಯುವ ಗತಿ ಬಂತು. ವಾಟ್ಸಾಪ್ ಗುಂಪಿನಲ್ಲಿ ಜಗಳವಾಯಿತು. ಆ ಬೇಸಿಗೆಯಲ್ಲಿ ನಾನು ಪಾತ್ರೆ ತೊಳೆಯುವ ಒಂದು ಲೋಟದ ವಿದ್ಯೆಯನ್ನು ಮಹಡಿಯ ಹೆಂಗಸರಿಗೆಲ್ಲ ಹೇಳಿಕೊಟ್ಟೆ. ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರು. ಸಂತೋಷ. ಆದರೆ ಅದೂ ಅದೇ 100 ಕಿಲೋಮೀಟರಿನಿಂದ, ಅದೇ ನದಿಯಿಂದಲೇ ಬರಬೇಕು. ಆರನೇ ಹಂತಕ್ಕೆ ನದಿಯಲ್ಲಿ ಎಷ್ಟು ಉಳಿದಿರುತ್ತದೆ?

ನೀರಿಲ್ಲದ ಜಾಗದಲ್ಲಿ ಮನುಷ್ಯ ಬದುಕಬಲ್ಲ, ನೀರು ಎಲ್ಲಿದೆ, ಎಷ್ಟಿದೆ ಎಂದು ಗೊತ್ತಿದ್ದರೆ. ನೀರಿರುವ ಊರಿನಲ್ಲೂ ಬದುಕಲಾರ, ಅದು ಗೊತ್ತಿಲ್ಲದಿದ್ದರೆ. ನಿಮ್ಮ ಮನೆಯ ಸಂಪು ಎಷ್ಟು ಲೀಟರಿನದು, ದಿನಕ್ಕೆ ಎಷ್ಟು ಖರ್ಚಾಗುತ್ತದೆ, ಮಾಳಿಗೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಗೊತ್ತಿಲ್ಲದಿದ್ದರೆ ಈ ಭಾನುವಾರ ಸಂಪಿನ ಮುಚ್ಚಳ ತೆಗೆದು ಅಳೆಯಿರಿ, ಮೀಟರು ಓದಿ ಬರೆದಿಡಿ. ಮಳೆನೀರು ಕೊಯ್ಲಿನ ಕಾನೂನು ಬೆಂಗಳೂರಿಗೆ 2009ರಿಂದ ಇದೆ. ಅದನ್ನು ಮಾಡುವ ಬಗೆಯನ್ನು ಕಣ್ಣಾರೆ ತೋರಿಸಲು ಜಯನಗರದ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನ ಒಂದು ಉದ್ಯಾನವನ್ನೇ ಮಾಡಿದ್ದಾರೆ. ಬಸವನಗುಡಿಯಿಂದ ಅಲ್ಲಿಗೆ ಆಟೋದಲ್ಲಿ ಹೋಗಿಬರಬಹುದು. ಮೊಹಾವೆಯವರೆಗೆ ಹೋಗಬೇಕಾಗಿಲ್ಲ.